ಎದುರು ಮನೆಯ ನಾಯಿ ಹೊತ್ತುಗೊತ್ತಿಲ್ಲದೆ ಬೀದಿಯಲ್ಲಿ: ಏನು ಮಾಡುವುದು?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ಎದುರು ಮನೆಯಲ್ಲಿ ನಿವೃತ್ತ ಮೇಷ್ಟ್ರು ಮತ್ತು ಅವರ ಮನೆಯವರು ಇದ್ದಾರೆ. ಅವರ ಮಗ ಒಂದು ಲ್ಯಾಬ್ರಡಾರ್ ಮರಿ ತಂದಿದ್ದರು. ಈಗ ಮಗ ಬೆಂಗಳೂರಿನಲ್ಲಿ, ನಾಯಿ ಇಲ್ಲಿ. ಬೆಳಿಗ್ಗೆ ಆರಕ್ಕೆ ಗೇಟು ತೆಗೆದು ಬಿಟ್ಟರೆ ಒಂಬತ್ತರವರೆಗೂ ಅದು ಬೀದಿಯಲ್ಲೇ. ಸಂಜೆ ಮತ್ತೆ ಅದೇ ಕಥೆ. ನಮ್ಮ ರಂಗೋಲಿ ಮೇಲೆ ಗಲೀಜು ಮಾಡುತ್ತದೆ, ಹಾಲಿನ ಪ್ಯಾಕೆಟ್ ಹರಿಯುತ್ತದೆ, ಸೈಕಲ್ ಬೈಕ್ ಕಂಡರೆ ಅಟ್ಟಿಸಿಕೊಂಡು ಬರುತ್ತದೆ. ಹೋದ ವಾರ ಏಳನೇ ಕ್ಲಾಸಿನ ಮಗಳ ಪ್ಯಾಂಟು ಹಿಡಿದು ಎಳೆಯಿತು. ಮೀನಖಂಡದ ಹತ್ತಿರ ಸಣ್ಣ ಗೀರು ಬಿದ್ದಿತ್ತು, ರಕ್ತ ಬಂದಿರಲಿಲ್ಲ, ಅರಿಶಿನ ಹಚ್ಚಿ ಸುಮ್ಮನಾದೆವು. ಅತ್ತೆ ಹೆದರಿಕೊಂಡು ಗುಡಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಹೇಳಿದರೆ ಮೇಷ್ಟ್ರು "ನಮ್ಮ ರಾಕಿ ಏನೂ ಮಾಡಲ್ಲಮ್ಮ, ಆಟ ಆಡ್ತಾನೆ" ಅನ್ನುತ್ತಾರೆ. ನಮ್ಮ ಯಜಮಾನರು ಅಕ್ಕಪಕ್ಕದವರ ಹತ್ತಿರ ಜಗಳ ಬೇಡ ಅನ್ನುತ್ತಾರೆ. ಬೀದಿಯಲ್ಲಿ ಒಬ್ಬರು "ಅನ್ನದಲ್ಲಿ ಏನಾದರೂ ಕಲಸಿ ಹಾಕಿದರೆ ಮುಗೀತು" ಅಂತ ಹೇಳಿದ್ದು ಕೇಳಿ ಇನ್ನೂ ಭಯವಾಗಿದೆ. ಏನು ಮಾಡಬೇಕು?

ಉತ್ತರ: ಬೇರೆಲ್ಲ ಆಮೇಲೆ ಮಾತಾಡೋಣ. ಮೊದಲು ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ. ನಾಳೆಯಲ್ಲ, ಇದನ್ನು ಓದಿದ ದಿನವೇ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆಗೆ ದುಡ್ಡು ಕೊಡಬೇಕಿಲ್ಲ.

ರಕ್ತ ಬರಲಿಲ್ಲ ಅಂತ ನೀವು ಸಮಾಧಾನ ಮಾಡಿಕೊಂಡಿದ್ದೀರಿ. ಆದರೆ ನಾಯಿಯ ಹಲ್ಲು ಅಥವಾ ಉಗುರು ತಾಗಿ ಚರ್ಮ ತರಚಿದ್ದರೆ, ರಕ್ತ ಬರದಿದ್ದರೂ ಲಸಿಕೆ ಬೇಕು. ವೈದ್ಯರು ಇದನ್ನು ಎರಡನೇ ದರ್ಜೆಯ ಗಾಯ ಅನ್ನುತ್ತಾರೆ. ರಕ್ತ ಬಂದಿದ್ದರೆ ಅದು ಮೂರನೇ ದರ್ಜೆ. ಆಗ ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಇನ್ನೊಂದು ಔಷಧಿ ಕೊಡಬೇಕಾಗುತ್ತದೆ. ಯಾವುದು ಬೇಕು ಅಂತ ಗಾಯ ನೋಡಿ ವೈದ್ಯರೇ ಹೇಳಲಿ. ಮನೆಯಲ್ಲಿ ನಾವು ತೀರ್ಮಾನ ಮಾಡುವ ವಿಷಯ ಅಲ್ಲ ಇದು.

ಒಂದು ವಾರ ಆಗಿಹೋಯಿತಲ್ಲ, ಇನ್ನೇನು ಅನ್ನಬೇಡಿ. ರೇಬೀಸ್ ವೈರಸ್ ನರಗಳ ದಾರಿ ಹಿಡಿದು ನಿಧಾನಕ್ಕೆ ಮೆದುಳಿನ ಕಡೆ ಹೋಗುತ್ತದೆ. ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕೆಲವರಿಗೆ ಇನ್ನೂ ಬೇಗ, ಕೆಲವರಿಗೆ ವರ್ಷವೇ ಆಗಬಹುದು. ಹಾಗಾಗಿ ತಡವಾದರೂ ಲಸಿಕೆ ಹಾಕಿಸಬೇಕು. ಆದರೆ ರೋಗ ಒಮ್ಮೆ ಕಾಣಿಸಿಕೊಂಡರೆ ಬದುಕುವವರು ಇಲ್ಲವೆಂದೇ ಹೇಳಬೇಕು. ಅದಕ್ಕೇ ಈ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವ ಹೆದರಿಕೆ ಇನ್ನೂ ಬಹಳ ಮನೆಗಳಲ್ಲಿ ಇದೆ. ಆ ಹಳೆಯ ಲಸಿಕೆ ನಿಂತು ಇಪ್ಪತ್ತು ವರ್ಷ ಆಯಿತು. ಈಗ ತೋಳಿಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಪದ್ಧತಿಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ ಇದರ ಜೊತೆ 14ನೇ ದಿನವೂ ಇರುತ್ತದೆ. ಎರಡು ಡೋಸ್ ಆದ ಮೇಲೆ "ಪರವಾಗಿಲ್ಲ, ಹುಷಾರಾಗಿದ್ದಾಳೆ" ಅಂತ ಬಿಟ್ಟುಬಿಡುವವರು ಜಾಸ್ತಿ. ಹಾಗೆ ಮಾಡಬೇಡಿ. ವೈದ್ಯರೇ ಸಾಕು ಅನ್ನುವವರೆಗೆ ಚೀಟಿಯಲ್ಲಿ ಬರೆದ ತಾರೀಖು ತಪ್ಪಿಸಬೇಡಿ.

ಇನ್ನು ಅರಿಶಿನ. ನಾಯಿ ಕಚ್ಚಿದ, ಪರಚಿದ ಗಾಯಕ್ಕೆ ಅರಿಶಿನ, ಸುಣ್ಣ, ಖಾರದ ಪುಡಿ, ಎಣ್ಣೆ ಏನನ್ನೂ ಹಚ್ಚಬಾರದು. ನಲ್ಲಿ ಬಿಟ್ಟು, ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಅಂದರೆ ನಿಜವಾಗಿಯೂ ಗಡಿಯಾರ ನೋಡಿಕೊಂಡು. ಸೋಪಿಗೆ ಈ ವೈರಸ್ಸನ್ನು ಗಾಯದಲ್ಲೇ ಹಾಳು ಮಾಡುವ ಶಕ್ತಿ ಇದೆ. ಮನೆಯಲ್ಲಿ ಎಲ್ಲರಿಗೂ, ಕೆಲಸಕ್ಕೆ ಬರುವವರಿಗೂ ಇದನ್ನು ಹೇಳಿಡಿ.

ಹಾಗೇ ರಾಕಿಯ ಮೇಲೆ ಒಂದು ಕಣ್ಣಿಡಿ. ನಾಯಿಗೆ ರೇಬೀಸ್ ಇದ್ದು ಅದರ ಜೊಲ್ಲಿನಲ್ಲಿ ವೈರಸ್ ಇದ್ದರೆ, ಕಚ್ಚಿದ ಹತ್ತು ದಿನದೊಳಗೆ ಅದಕ್ಕೆ ರೋಗ ಕಾಣಿಸಿಕೊಂಡು ಸಾಯುತ್ತದೆ. ಹತ್ತು ದಿನ ಕಳೆದ ಮೇಲೂ ಅದು ಊಟ ಮಾಡುತ್ತಾ, ನೀರು ಕುಡಿಯುತ್ತಾ, ಎಂದಿನಂತೆ ಇದ್ದರೆ ದೊಡ್ಡ ಭಯ ಕಳೆಯಿತು. ಆದರೆ ಈ ಹತ್ತು ದಿನ ಕಾದು ನೋಡಿ ಆಮೇಲೆ ಆಸ್ಪತ್ರೆಗೆ ಹೋಗುವುದಲ್ಲ. ಲಸಿಕೆ ಶುರು ಮಾಡಿಕೊಂಡೇ ನಾಯಿಯನ್ನು ನೋಡುತ್ತಿರಬೇಕು.

ಈಗ ಮೇಷ್ಟ್ರ ಮಾತಿಗೆ ಬರೋಣ. "ನಮ್ಮ ರಾಕಿ ಏನೂ ಮಾಡಲ್ಲ." ಪಶುವೈದ್ಯನಾಗಿ ನಾನು ಅತಿ ಜಾಸ್ತಿ ಕೇಳಿರುವ ಮಾತು ಇದೇ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರು ನೋಡುವ ರಾಕಿ ಸೋಫಾದ ಪಕ್ಕ ಮಲಗುವ, ಕೈ ನೆಕ್ಕುವ ರಾಕಿ. ನೀವು ನೋಡುವುದು ಬೇರೆ ನಾಯಿಯನ್ನೇ. ಕಾಂಪೌಂಡ್ ದಾಟಿದ ಮೇಲೆ ನಾಯಿಯ ನಡವಳಿಕೆ ಬದಲಾಗುತ್ತದೆ. ಬೀದಿಯ ಇನ್ನೆರಡು ನಾಯಿಗಳ ಜೊತೆ ಸೇರಿದರೆ ಇನ್ನೂ ಬದಲಾಗುತ್ತದೆ. ಮನೆಯಲ್ಲಿ ಒಂದು ಮಾತಿಗೆ ಕೂರುವ ನಾಯಿ, ಗುಂಪಿನಲ್ಲಿ ಓಡುವಾಗ ಯಜಮಾನ ಕರೆದರೂ ತಿರುಗಿ ನೋಡುವುದಿಲ್ಲ.

ದಿನವೂ ಬಿಟ್ಟರೆ ನಾಯಿ ಇಡೀ ಬೀದಿಯನ್ನು ತನ್ನ ಜಾಗ ಅಂತ ತಿಳಿಯುತ್ತದೆ. ಕಂಬಕ್ಕೆ, ಗೇಟಿಗೆ, ನಿಮ್ಮ ಸ್ಕೂಟರ್ ಚಕ್ರಕ್ಕೆ ಉಚ್ಚೆ ಹೊಯ್ಯುವುದು ಗುರುತು ಹಾಕಿಕೊಳ್ಳುವುದಕ್ಕೇ. ಇನ್ನು ಬೈಕು, ಸೈಕಲ್ ಅಟ್ಟುವುದು. ನಾಯಿಗೆ ಓಡುವ ವಸ್ತು ಕಂಡರೆ ಹಿಂದೆ ಬೀಳುವ ಸ್ವಭಾವ ಹುಟ್ಟಿನಿಂದಲೇ ಇದೆ. ಅದರ ಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ. ಅದು ಬೊಗಳುತ್ತಾ ಓಡಿದ ಪ್ರತಿ ಸಲವೂ ಬೈಕು ದೂರ ಹೋಗಿಬಿಡುತ್ತದೆ. ಬೈಕಿನವನು ಹೇಗೂ ಹೋಗುತ್ತಿದ್ದ, ಆದರೆ ನಾಯಿಗೆ ಅದು ಗೊತ್ತಿಲ್ಲ. ನಾನೇ ಓಡಿಸಿದೆ ಅಂದುಕೊಳ್ಳುತ್ತದೆ. ದಿನಕ್ಕೆ ಹತ್ತು ಸಲ ಹೀಗೆ ಗೆದ್ದರೆ ಅಭ್ಯಾಸ ಗಟ್ಟಿಯಾಗುತ್ತದೆ. ಇವತ್ತು ಪ್ಯಾಂಟು ಹಿಡಿದಿದೆ. ಬಿಟ್ಟರೆ ಇದು ತಾನಾಗಿ ಕಡಿಮೆಯಾಗುವ ವಿಷಯ ಅಲ್ಲ.

ಬಾಲ ಅಲ್ಲಾಡಿಸುತ್ತಾ ಬಂತು, ಹಾಗಾಗಿ ಆಟ ಅನ್ನುವುದೂ ಪೂರ್ತಿ ಸರಿಯಲ್ಲ. ಬಾಲ ಸಡಿಲವಾಗಿ, ಸೊಂಟವೂ ಜೊತೆಗೆ ಅಲ್ಲಾಡುತ್ತಿದ್ದರೆ ಅದು ಖುಷಿ. ಬಾಲ ಮೇಲೆತ್ತಿ, ಬಿಗಿಯಾಗಿ ಹಿಡಿದು ತುದಿ ಮಾತ್ರ ಅಲ್ಲಾಡುತ್ತಿದ್ದರೆ, ಮೈ ಸೆಟೆದು ಕಣ್ಣು ನೆಟ್ಟಿದ್ದರೆ, ಆ ನಾಯಿ ಆಟಕ್ಕೆ ಬಂದಿಲ್ಲ.

ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು: "ಈಗ ಮಗ ಬೆಂಗಳೂರಿನಲ್ಲಿ, ನಾಯಿ ಇಲ್ಲಿ." ನೀವು ಅದನ್ನು ಸುಮ್ನೆ ಬರೆದಿರಬಹುದು. ನನ್ನ ಮಟ್ಟಿಗೆ ಇಡೀ ಸಮಸ್ಯೆ ಅಲ್ಲೇ ಇದೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. ಮಗನೋ ಮಗಳೋ ಆಸೆಪಟ್ಟು ಮರಿ ತರುತ್ತಾರೆ. ಕೆಲಸ ಸಿಕ್ಕಿ ಹೊರಡುತ್ತಾರೆ. ಬಾಡಿಗೆ ಮನೆಯಲ್ಲಿ ನಾಯಿಗೆ ಜಾಗ ಇಲ್ಲ. ಮೂವತ್ತು ಕಿಲೋ ತೂಗುವ ನಾಯಿ ಮಂಡಿ ನೋವಿರುವ ಅಪ್ಪನ ಪಾಲಿಗೆ ಉಳಿಯುತ್ತದೆ. ಲ್ಯಾಬ್ರಡಾರ್ ಅಂದರೆ ಬೇಟೆಗಾರರ ಜೊತೆ ದಿನವಿಡೀ ಓಡಾಡಲು ಬೆಳೆಸಿದ ತಳಿ. ದಿನಕ್ಕೆ ಎರಡು ಹೊತ್ತು ಚೆನ್ನಾಗಿ ನಡೆಸದಿದ್ದರೆ ಮನೆಯೊಳಗೆ ಚಪ್ಪಲಿ ಕಚ್ಚುತ್ತದೆ, ಗೋಡೆ ಕೆರೆಯುತ್ತದೆ. ಚೈನ್ ಹಿಡಿದು ನಡೆಸಲು ಹೋದರೆ ಅದು ಎಳೆದ ರಭಸಕ್ಕೆ ವಯಸ್ಸಾದವರು ಬೀಳುತ್ತಾರೆ. ಕೊನೆಗೆ ಅವರಿಗೆ ಉಳಿಯುವ ಸುಲಭದ ದಾರಿ ಗೇಟು ತೆಗೆಯುವುದು.

ನಿಮ್ಮ ಮೇಷ್ಟ್ರ ಮನೆಯಲ್ಲಿ ಹೀಗೇ ಆಗಿದೆ ಅಂತ ನಾನು ಖಡಾಖಂಡಿತವಾಗಿ ಹೇಳಲಾರೆ. ಕೇಳಿ ನೋಡಿ. ಆದರೆ ಅವರು ನಿಮ್ಮ ಮೇಲಿನ ಅಸಡ್ಡೆಯಿಂದ ಗೇಟು ತೆಗೆಯುತ್ತಿದ್ದಾರೆ ಅಂತ ಅಂದುಕೊಂಡು ಹೋದರೆ ಮಾತು ಮೊದಲ ನಿಮಿಷಕ್ಕೇ ಕೆಡುತ್ತದೆ. ಯಾಕೆ ಗೇಟು ತೆಗೆಯುತ್ತಾರೆ ಅನ್ನುವುದು ಗೊತ್ತಾದರೆ ಅದಕ್ಕೆ ದಾರಿ ಹುಡುಕಬಹುದು.

ಮಾತಾಡಲು ಹೋಗುವುದಾದರೆ ನಾಯಿ ರಂಗೋಲಿ ಕೆಡಿಸಿದ ಬೆಳಿಗ್ಗೆ, ಸಿಟ್ಟು ಬಿಸಿ ಇರುವಾಗ ಹೋಗಬೇಡಿ. ಬೀದಿಯಲ್ಲಿ ನಾಲ್ಕು ಜನರ ಎದುರಿಗೂ ಬೇಡ. ಜೀವನಪೂರ್ತಿ ಮಕ್ಕಳಿಗೆ ಬುದ್ಧಿ ಹೇಳಿದವರು ಅವರು, ಹತ್ತು ಜನರ ಮುಂದೆ ತಪ್ಪಿತಸ್ಥರಾಗಲು ಒಪ್ಪುವುದಿಲ್ಲ. ಒಂದು ಭಾನುವಾರ ಸಂಜೆ ನೀವಿಬ್ಬರೂ ಹೋಗಿ. ಮಗಳ ಆಸ್ಪತ್ರೆ ಚೀಟಿ ಜೊತೆಗಿರಲಿ.

"ಮೇಷ್ಟ್ರೇ, ರಾಕಿ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು. ಹೋದ ವಾರ ಮಗಳ ಕಾಲಿಗೆ ಹಲ್ಲು ತಾಗಿದೆ. ಇಂಜೆಕ್ಷನ್ ಶುರು ಮಾಡಿದೀವಿ, ಇನ್ನೂ ಬಾಕಿ ಇದಾವೆ. ನಿಮ್ಮನ್ನ ದೂರೋಕೆ ಬಂದಿಲ್ಲ. ಇನ್ನೊಂದ್ ಸಲ ಹಿಂಗಾಗಬಾರದು, ಅದಕ್ಕೆ ಏನ್ ಮಾಡೋಣ ಅಂತ ಕೇಳೋಕೆ ಬಂದ್ವಿ." ಇಷ್ಟು ಸಾಕು. ಚೀಟಿ ಮುಂದಿಡಿ. "ನಿಮ್ಮ ನಾಯಿ ಕಾಟ ತಡೆಯೋಕಾಗ್ತಿಲ್ಲ" ಅಂದರೆ ಅವರು ನಾಯಿಯ ಪರ ವಾದಕ್ಕೆ ನಿಲ್ಲುತ್ತಾರೆ. ತಾರೀಖು ಬರೆದ ಆಸ್ಪತ್ರೆ ಚೀಟಿ ಎದುರಿಗಿದ್ದರೆ ವಾದ ಮಾಡುವುದು ಕಷ್ಟ.

ಅವರ ಮನೆಯವರ ಹತ್ತಿರವೂ ಮಾತಾಡಿ. ಬಹಳ ಮನೆಗಳಲ್ಲಿ ನಾಯಿಯ ಹೆಸರು ಗಂಡಸರದು, ಅನ್ನ ಹಾಕುವ ಕೈ ಹೆಂಗಸರದು. "ಅಮ್ಮಾರೆ, ನಮ್ಮತ್ತೆ ಗುಡಿಗೆ ಹೋಗೋದೇ ಬಿಟ್ಟಿದಾರೆ" ಅಂತ ನೀವು ಅವರಿಗೆ ಹೇಳಿದರೆ ಆ ಮಾತು ನಾಟುತ್ತದೆ. ಸಾಧ್ಯವಾದರೆ ಬೆಂಗಳೂರಿನ ಮಗನ ನಂಬರ್ ಕೇಳಿ ತೆಗೆದುಕೊಂಡು ಒಂದು ಫೋನ್ ಮಾಡಿ. ನಾಯಿ ತಂದವರು ಅವರು. ಖರ್ಚಿನ ಮಾತು ಬಂದರೆ ಅದನ್ನು ಹೊರಬೇಕಾದವರೂ ಅವರೇ.

ಮೊದಲು ಕೇಳಬೇಕಾದ್ದು ಲಸಿಕೆ ಪುಸ್ತಕ. "ಹಾಕ್ಸಿದೀವಿ" ಅನ್ನುವ ಬಾಯಿಮಾತಿಗೆ ಒಪ್ಪಬೇಡಿ, ಪುಸ್ತಕ ತೋರಿಸಿ ಅನ್ನಿ. ಪ್ರತಿ ಲಸಿಕೆಯ ಎದುರಿಗೆ ಬಾಟಲಿಯಿಂದ ಕಿತ್ತು ಅಂಟಿಸಿದ ಸಣ್ಣ ಚೀಟಿ ಇರುತ್ತದೆ. ಪಕ್ಕದಲ್ಲಿ ಕೊಟ್ಟ ತಾರೀಖು, ಮುಂದಿನ ತಾರೀಖು, ವೈದ್ಯರ ಸಹಿ. ಆ ಚೀಟಿಯ ಮೇಲೆ ರೇಬೀಸ್ ಲಸಿಕೆಯ ಹೆಸರು ಇದೆಯಾ ನೋಡಿ. ಬಹಳ ಜನ ಮರಿಯಿದ್ದಾಗ ಪಾರ್ವೊ, ಡಿಸ್ಟೆಂಪರ್ ಲಸಿಕೆ ಹಾಕಿಸಿ, ಎಲ್ಲ ಆಯಿತು ಅಂದುಕೊಂಡಿರುತ್ತಾರೆ. ರೇಬೀಸ್ ಲಸಿಕೆಯೇ ಬೇರೆ. ಮೂರು ತಿಂಗಳ ಮರಿಗೆ ಮೊದಲನೆಯದು, ಆಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ. "ಮುಂದಿನ ತಾರೀಖು" ದಾಟಿಹೋಗಿದ್ದರೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮೇಷ್ಟ್ರಿಗೆ ಆಗದಿದ್ದರೆ ನಿಮ್ಮ ಯಜಮಾನರು ಜೊತೆಗೆ ಹೋಗಲಿ. ಜಗಳ ಬೇಡ ಅನ್ನುವವರಿಗೆ ಇದು ಒಳ್ಳೆಯ ಕೆಲಸ. ಮಗಳ ಗೀರಿಗೆ ಹತ್ತು ದಿನ ತುಂಬುವ ಮೊದಲೇ ಹೋಗುವುದಾದರೆ, ಈ ನಾಯಿಯ ಹಲ್ಲು ಮಗುವಿಗೆ ತಾಗಿದೆ ಅಂತ ವೈದ್ಯರಿಗೆ ಮೊದಲೇ ಹೇಳಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಸಮಯದಲ್ಲಿ ಪಶುಪಾಲನಾ ಇಲಾಖೆಯವರು ಉಚಿತ ಲಸಿಕೆ ಶಿಬಿರ ಮಾಡುವುದುಂಟು. ಆದರೆ ಅದಕ್ಕಾಗಿ ಕಾಯಬೇಡಿ.

ನಾಯಿಗೆ ಲಸಿಕೆ ಆಗಿದೆ ಅಂತ ಗೊತ್ತಾದರೂ ಮಗಳ ಇಂಜೆಕ್ಷನ್ ನಿಲ್ಲಿಸಬೇಡಿ. ಅದನ್ನು ವೈದ್ಯರಿಗೆ ಹೇಳಿ, ಅವರು ತೀರ್ಮಾನಿಸುತ್ತಾರೆ.

ಆಮೇಲೆ ಗೇಟು. ಇಲ್ಲಿ ನನ್ನದೊಂದು ಕೋರಿಕೆ. "ಕಟ್ಟಿಹಾಕಿ" ಅಂತ ಕೇಳಬೇಡಿ. ಸಿಟ್ಟಿನಲ್ಲಿ ಎಲ್ಲರ ಬಾಯಿಗೂ ಮೊದಲು ಬರುವ ಮಾತು ಅದು. ಆದರೆ ಇಡೀ ದಿನ ಎರಡು ಮಾರು ಚೈನಿನಲ್ಲಿ ಕಟ್ಟಿದ ನಾಯಿ ಮುಂಗೋಪಿಯಾಗುತ್ತದೆ. ಗೇಟಿನಾಚೆ ಹೋಗುವ ಪ್ರತಿಯೊಬ್ಬರ ಮೇಲೂ ಹಾರಲು ನೋಡುತ್ತದೆ. ಒಂದು ದಿನ ಚೈನ್ ಕಿತ್ತುಕೊಂಡರೆ ಆಗುವ ಅನಾಹುತ ಈಗಿನದಕ್ಕಿಂತ ದೊಡ್ಡದು. ನೀವು ಕೇಳಬೇಕಾದ್ದು ಇಷ್ಟು: ಕಾಂಪೌಂಡ್ ಒಳಗೆ ಬಿಟ್ಟಿರಲಿ, ಹೊರಗೆ ಬಂದರೆ ಒಬ್ಬರ ಕೈಯಲ್ಲಿ ಚೈನ್ ಇರಲಿ.

ಅವರ ಮನೆಯ ಗೇಟನ್ನು ಒಮ್ಮೆ ಗಮನಿಸಿ ನೋಡಿ. ನಮ್ಮ ಬಡಾವಣೆಗಳಲ್ಲಿ ಕಾರಿಗೆ ಒಂದು ದೊಡ್ಡ ಗೇಟು, ಪಕ್ಕದಲ್ಲಿ ಜನ ಓಡಾಡುವ ಚಿಕ್ಕ ಗೇಟು ಇರುತ್ತದೆ. ನಾಯಿ ಹೋಗುವುದು ಯಾವಾಗಲೂ ಆ ಚಿಕ್ಕ ಗೇಟಿನಿಂದ. ಹಾಲಿನವರು, ಪೇಪರ್ ಹುಡುಗ, ಕೆಲಸದವರು ಬಂದುಹೋದಾಗ ಅದು ಅರ್ಧ ತೆರೆದೇ ಇರುತ್ತದೆ. ಒಂದು ಸ್ಪ್ರಿಂಗ್ ಹಾಕಿಸಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಚಿಲಕ ಒಳಗಡೆ ಎತ್ತರದಲ್ಲಿರಲಿ. ಲ್ಯಾಬ್ರಡಾರ್ ಚುರುಕು ನಾಯಿ. ಮೂತಿಯಿಂದ ಎತ್ತಿ ತೆಗೆಯುವ ಥರದ ಚಿಲಕ ಇದ್ದರೆ ನಾಲ್ಕು ದಿನದಲ್ಲಿ ಕಲಿತುಬಿಡುತ್ತದೆ. ವೆಲ್ಡಿಂಗ್ ಅಂಗಡಿಯವರಿಗೆ ಹೇಳಿದರೆ ಅರ್ಧ ದಿನದ ಕೆಲಸ. ಬೇಕಿದ್ದರೆ ಬೀದಿಯವರೇ ಆ ಖರ್ಚಿಗೆ ಕೈ ಸೇರಿಸಬಹುದು. ನ್ಯಾಯವಾಗಿ ಅದು ಅವರ ಜವಾಬ್ದಾರಿ, ನನಗೆ ಗೊತ್ತು. ಆದರೂ ಒಂದು ಸ್ಪ್ರಿಂಗ್ ದುಡ್ಡಿಗೆ ಮಗಳ ಕಾಲು ಉಳಿಯುವುದಾದರೆ ನಾನಾಗಿದ್ದರೆ ಕೊಟ್ಟುಬಿಡುತ್ತಿದ್ದೆ.

ಗೇಟು ಮುಚ್ಚಿದರೆ ನಾಯಿ ನಡೆಯುವುದೆಲ್ಲಿ? ಇದಕ್ಕೆ ಉತ್ತರ ಕೊಡದೆ ಗೇಟು ಮುಚ್ಚಿಸಿದರೆ ವಾರದೊಳಗೆ ಮತ್ತೆ ತೆರೆಯುತ್ತದೆ. ನಿಮ್ಮ ಊರಲ್ಲಿ ಇದಕ್ಕೆ ಒಂದು ಅನುಕೂಲ ಇದೆ. ಬಿ.ಐ.ಇ.ಟಿ., ಯು.ಬಿ.ಡಿ.ಟಿ., ಮೆಡಿಕಲ್ ಕಾಲೇಜು ಅಂತ ಓದಲು ಬಂದು ರೂಮು ಮಾಡಿಕೊಂಡಿರುವ ಹುಡುಗರು ಎಲ್ಲ ಬಡಾವಣೆಗಳಲ್ಲೂ ಇದ್ದಾರೆ. ನಾಯಿ ಅಂದರೆ ಜೀವ ಬಿಡುವವರು ಅವರಲ್ಲಿ ಒಬ್ಬರಾದರೂ ಸಿಗುತ್ತಾರೆ. ತಿಂಗಳಿಗೆ ಇಷ್ಟು ಅಂತ ಮಾತಾಡಿ, ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ನಡೆಸಲು ಹೇಳಿ. ಆ ದುಡ್ಡು ಬೆಂಗಳೂರಿನ ಮಗ ಕಳಿಸಲಿ. ನಾಯಿ ಎಳೆಯುವುದು ಜಾಸ್ತಿ ಇದ್ದರೆ ಕತ್ತಿನ ಬೆಲ್ಟಿನ ಬದಲು ಎದೆಗೆ ಹಾಕುವ, ಮುಂಭಾಗದಲ್ಲಿ ಕೊಂಡಿ ಇರುವ ಪಟ್ಟಿ ಸಿಗುತ್ತದೆ. ಅದರಲ್ಲಿ ಎಳೆದರೆ ನಾಯಿಯ ಮೈ ಪಕ್ಕಕ್ಕೆ ತಿರುಗುತ್ತದೆ, ಎಳೆಯುವುದು ತಗ್ಗುತ್ತದೆ. ಹೊಲಸು ಎತ್ತಲು ಒಂದು ಕವರ್ ಜೊತೆಗಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಬೇಸಿಗೆಯಲ್ಲಿ ದಾವಣಗೆರೆಯ ಡಾಂಬರು ರಸ್ತೆ ಕಾದು ನಾಯಿಯ ಅಂಗಾಲು ಸುಡುತ್ತದೆ. ಅಂಗೈ ಹಿಂಭಾಗ ರಸ್ತೆಗೆ ಒತ್ತಿ ಐದು ಸೆಕೆಂಡ್ ಇಡಲಾಗದಿದ್ದರೆ ಆ ಹೊತ್ತಲ್ಲಿ ನಡೆಸಬಾರದು.

ಇನ್ನೊಂದು ವಿಷಯವನ್ನು ಮೇಷ್ಟ್ರು ತಮ್ಮ ಪಶುವೈದ್ಯರ ಹತ್ತಿರ ಮಾತಾಡಲಿ. ರಾಕಿಗೆ ಸಂತಾನಹರಣ ಆಪರೇಷನ್ ಆಗಿದೆಯಾ? ಬೆದೆಗೆ ಬಂದ ಹೆಣ್ಣುನಾಯಿಯ ವಾಸನೆ ಬಹಳ ದೂರದಿಂದಲೇ ಗಂಡುನಾಯಿಗೆ ಗೊತ್ತಾಗುತ್ತದೆ. ಆಪರೇಷನ್ ಆಗದ ಗಂಡುನಾಯಿ ಅಲೆಯುವುದಕ್ಕೆ, ಬೇರೆ ನಾಯಿಗಳ ಜೊತೆ ಕಚ್ಚಾಡುವುದಕ್ಕೆ ಇದು ದೊಡ್ಡ ಕಾರಣ. ಆಪರೇಷನ್ ಆದರೆ ಅಲೆತ ಬಹಳಷ್ಟು ನಾಯಿಗಳಲ್ಲಿ ತಗ್ಗುತ್ತದೆ. ಬೈಕು ಅಟ್ಟುವ ಚಟ ಮಾತ್ರ ಇದರಿಂದ ಹೋಗುವುದಿಲ್ಲ, ಅದಕ್ಕೆ ಗೇಟೇ ಮದ್ದು. "ಪಾಪ, ಮೂಕ ಪ್ರಾಣಿಗೆ ಯಾಕೆ ಹಿಂಸೆ" ಅನ್ನುತ್ತಾರೆ. ಬೀದಿಯಲ್ಲಿ ಹುಟ್ಟಿ ಚಕ್ರದಡಿ ಸಾಯುವ ಮರಿಗಳನ್ನು ನೋಡಿದವನಾಗಿ ಹೇಳುತ್ತೇನೆ, ಅದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿಲ್ಲ.

ಮೇಷ್ಟ್ರಿಗೆ ನಾಯಿ ಮೇಲೆ ನಿಜವಾದ ಪ್ರೀತಿ ಇದೆ ಅನ್ನುವುದು ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ. ಹಾಗಾದರೆ ಇದನ್ನೂ ಹೇಳಿ. ಬೀದಿಗೆ ಬಿಟ್ಟ ಸಾಕುನಾಯಿ ಕಾರು, ಆಟೋಗೆ ಸಿಕ್ಕಿ ಸೊಂಟ ಮುರಿದುಕೊಳ್ಳುತ್ತದೆ. ಉಣ್ಣೆ ಹತ್ತಿಸಿಕೊಂಡು ಬಂದು ಜ್ವರ ಬಿದ್ದು ರಕ್ತ ಕಡಿಮೆಯಾಗುತ್ತದೆ. ಮಟನ್ ಅಂಗಡಿಯ ಮೂಳೆ ತಿಂದು ಕರುಳು ಕಟ್ಟಿಸಿಕೊಳ್ಳುತ್ತದೆ. ರೇಬೀಸ್ ಇರುವ ಬೀದಿನಾಯಿ ಕಚ್ಚಿದರೂ ಮನೆಯವರಿಗೆ ಗೊತ್ತಾಗುವುದಿಲ್ಲ. ಗೇಟು ಮುಚ್ಚುವುದು ರಾಕಿಗೂ ಒಳ್ಳೆಯದು.

ಇಷ್ಟೆಲ್ಲ ಆಗುವವರೆಗೆ ನಿಮ್ಮ ಮನೆಯ ಕಡೆ ಕೆಲವು ಕೆಲಸ ಮಾಡಿಕೊಳ್ಳಿ. ಹಾಲಿನ ಪ್ಯಾಕೆಟ್ ನೆಲದ ಮೇಲೆ ಇಡಿಸಬೇಡಿ, ಗೇಟಿನ ಮೇಲ್ಭಾಗಕ್ಕೆ ಒಂದು ಚೀಲ ಕಟ್ಟಿ. ಉಳಿದ ಅನ್ನ, ಮುಸುರೆ ಮನೆ ಮುಂದೆ ಸುರಿಯಬೇಡಿ, ಅಕ್ಕಪಕ್ಕದವರಿಗೂ ಹೇಳಿ. ಒಂದು ಹಿಡಿ ಅನ್ನ ಸಿಗುವ ಜಾಗಕ್ಕೆ ನಾಯಿ ದಿನವೂ ಬರುತ್ತದೆ. ಉಚ್ಚೆ ಹೊಯ್ದ ಜಾಗವನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆಯಿರಿ, ವಾಸನೆ ಉಳಿದರೆ ಮತ್ತೆ ಅಲ್ಲೇ ಬರುತ್ತದೆ. ಗೇಟಿನ ಮುಂದೆ ಬಣ್ಣದ ನೀರಿನ ಬಾಟಲಿ ಸಾಲಾಗಿ ಇಡುವುದು ನಮ್ಮ ಕಡೆ ಎಲ್ಲ ಬೀದಿಗಳಲ್ಲೂ ಕಾಣುತ್ತದೆ. ಅದರಿಂದ ಏನೂ ಉಪಯೋಗ ಇಲ್ಲ. ಬಾಟಲಿಯ ಪಕ್ಕದಲ್ಲೇ ನಾಯಿ ಮಲಗಿರುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಕಲ್ಲು ಹೊಡೆಯುವುದು, ಬಿಸಿನೀರು ಎರಚುವುದು ಬೇಡವೇ ಬೇಡ. ಮಕ್ಕಳು ಹೊಡೆದ ಕಲ್ಲಿಗೆ ನಾಯಿ ಮಕ್ಕಳನ್ನೇ ಶತ್ರು ಅಂತ ನೆನಪಿಟ್ಟುಕೊಳ್ಳುತ್ತದೆ.

ಮಗಳಿಗೆ ಇಷ್ಟು ಅಭ್ಯಾಸ ಮಾಡಿಸಿ. ನಾಯಿ ಅಟ್ಟಿಸಿಕೊಂಡು ಬಂದರೆ ಸೈಕಲ್ ಜೋರು ಮಾಡಬಾರದು. ನಿಧಾನ ಮಾಡಿ, ಇಳಿದು, ಸೈಕಲ್ಲನ್ನು ನಾಯಿಗೂ ತನಗೂ ಮಧ್ಯೆ ಹಿಡಿದು ನಿಲ್ಲಬೇಕು. ನಡೆದು ಹೋಗುವಾಗಲಾದರೆ ಓಡಬಾರದು, ಕಿರುಚಬಾರದು. ಕೈ ಕೆಳಗೆ ಬಿಟ್ಟು, ನಾಯಿಯ ಕಣ್ಣು ನೋಡದೆ, ಅಲ್ಲಾಡದೆ ನಿಂತುಬಿಡಬೇಕು. ಓಡದ ಮಗುವಿನ ಮೇಲೆ ಬಹಳ ನಾಯಿಗಳಿಗೆ ಆಸಕ್ತಿ ಹೋಗುತ್ತದೆ. ಅಕಸ್ಮಾತ್ ಬಿದ್ದರೆ ಮಂಡಿ ಮಡಚಿ, ಮುದುರಿಕೊಂಡು, ಎರಡೂ ಕೈಯಿಂದ ಕಿವಿ, ಕತ್ತು, ಮುಖ ಮುಚ್ಚಿಕೊಳ್ಳಬೇಕು. ಮನೆಯ ಹಾಲಿನಲ್ಲೇ ಆಟದ ಥರ ನಾಲ್ಕು ಸಲ ಮಾಡಿಸಿ. ಬಾಯಲ್ಲಿ ಹೇಳಿದ್ದು ಆ ಗಾಬರಿಯಲ್ಲಿ ನೆನಪಾಗುವುದಿಲ್ಲ. ಅತ್ತೆಯವರಿಗೆ ಕೋಲು ಎತ್ತಿ ಬೀಸದೆ ಮುಂದೆ ನೆಲಕ್ಕೆ ಊರಿ ನಿಲ್ಲಲು ಹೇಳಿ. ಸದ್ಯಕ್ಕೆ ಗುಡಿಗೆ ಒಬ್ಬರೇ ಹೋಗುವುದು ಬೇಡ.

ವಿಷದ ಮಾತಿಗೆ ಬರುತ್ತೇನೆ. ಅದನ್ನು ಹೇಳಿದವರಿಗೆ ನೀವೇ ನೇರವಾಗಿ ಹೇಳಿ: ಬೇಡ. ವಿಷ ತಿಂದ ನಾಯಿ ಸಾಯುವ ರೀತಿ ನಾನು ಕಂಡಿದ್ದೇನೆ. ಯಾವ ಪ್ರಾಣಿಗೂ ಆ ಗತಿ ಬರಬಾರದು. ಆ ಅನ್ನ ರಾಕಿಯೇ ತಿನ್ನುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಬೆಕ್ಕು, ಹಸು, ಕಾಗೆ, ಬೀದಿಯಲ್ಲಿ ಆಡುವ ಸಣ್ಣ ಮಗು, ಯಾರು ಬೇಕಾದರೂ ಮುಟ್ಟಬಹುದು. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗಹೀನ ಮಾಡುವುದು ಐದು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ಪ್ರಾಣಿಹಿಂಸೆ ತಡೆ ಕಾಯ್ದೆ, 1960 ಬೇರೆ ಇದೆ. ಈಗ ನ್ಯಾಯ ನಿಮ್ಮ ಕಡೆ ಇದೆ. ಬೀದಿಯಲ್ಲಿ ಯಾರೋ ಹೀಗೆ ಮಾಡಿದರೆ ದೂರು ಕೊಟ್ಟಿದ್ದ ನಿಮ್ಮ ಮನೆ ಮೇಲೇ ಮೊದಲು ಅನುಮಾನ ಬರುತ್ತದೆ.

ಮಾತಾಡಿ ಎರಡು ಮೂರು ವಾರ ಕೊಟ್ಟ ಮೇಲೂ ಗೇಟು ಹಾಗೇ ತೆರೆದಿದ್ದರೆ? ಆಗ ಕಾನೂನಿಗೆ ಹೋಗಿ. ಅಳುಕಬೇಡಿ. ನಾಯಿ ಸಾಕಿದವರು ಅದರಿಂದ ಬೇರೆಯವರಿಗೆ ಅಪಾಯ ಆಗದಂತೆ ನೋಡಿಕೊಳ್ಳಲೇಬೇಕು. ನಿರ್ಲಕ್ಷ್ಯ ಮಾಡಿದರೆ ನ್ಯಾಯ ಸಂಹಿತೆಯ 291ನೇ ಕಲಂನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಳೆಯ ದಂಡ ಸಂಹಿತೆಯಲ್ಲಿ ಇದು 289ನೇ ಕಲಂ ಆಗಿತ್ತು, ದಂಡ 1,000 ಇತ್ತು. 2024ರ ಜುಲೈ 1ರಿಂದ ಹೊಸದು ಜಾರಿಯಲ್ಲಿದೆ. ಠಾಣೆಯಲ್ಲಿ ಯಾರಾದರೂ "ನಾಯಿ ವಿಷಯಕ್ಕೆಲ್ಲ ಕಂಪ್ಲೇಂಟಾ" ಅಂದರೆ ಈ ನಂಬರ್ ಹೇಳಿ.

ಅದಕ್ಕೆ ಮೊದಲು ಕೈಯಲ್ಲಿ ದಾಖಲೆ ಇರಲಿ. ಒಂದು ನೋಟ್ ಬುಕ್ ಇಡಿ. ತಾರೀಖು, ಹೊತ್ತು, ಏನಾಯಿತು, ಯಾರು ನೋಡಿದರು, ಒಂದೊಂದೇ ಸಾಲು. ನಿಮ್ಮ ಗೇಟಿನೊಳಗೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿ. ನಾಯಿ, ಬೀದಿ, ಅವರ ತೆರೆದ ಗೇಟು ಮೂರೂ ಒಂದೇ ವಿಡಿಯೊದಲ್ಲಿ ಬಂದರೆ ಬೀದಿನಾಯಿ ಅಂತ ತಳ್ಳಿಹಾಕಲು ಆಗುವುದಿಲ್ಲ. ಆಸ್ಪತ್ರೆ ಚೀಟಿಗಳನ್ನು ಜೋಪಾನ ಮಾಡಿ. ಮೊದಲು ಮೇಷ್ಟ್ರಿಗೇ ಒಂದು ಪತ್ರ ಬರೆಯಿರಿ, ಅದರ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಆಮೇಲೆ ಅದೇ ವಿವರದ ಅರ್ಜಿ ಮಹಾನಗರ ಪಾಲಿಕೆಯ ಆರೋಗ್ಯ ವಿಭಾಗಕ್ಕೆ, ಇನ್ನೊಂದು ನಿಮ್ಮ ಠಾಣೆಗೆ. ಬೀದಿಯ ನಾಲ್ಕೈದು ಮನೆಯವರು ಸಹಿ ಮಾಡಿದರೆ ತೂಕ ಬೇರೆಯೇ. ಪ್ರತಿ ಕಡೆಯೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಪಾಲಿಕೆಯವರಿಂದ ಏನು ನಿರೀಕ್ಷಿಸಬೇಕು ಅನ್ನುವುದೂ ಗೊತ್ತಿರಲಿ. ಬೀದಿನಾಯಿಗಳಾದರೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸುವುದು ಸ್ಥಳೀಯ ಸಂಸ್ಥೆಯ ಕೆಲಸ. ಆಪರೇಷನ್ ಆದ ಗುರುತಿಗೆ ಕಿವಿಯ ತುದಿ ಕತ್ತರಿಸಿರುತ್ತಾರೆ. ಸಾಕುನಾಯಿಯ ಜವಾಬ್ದಾರಿ ಮಾತ್ರ ಅದರ ಮಾಲೀಕರದೇ. ಹಾಗಾಗಿ "ವ್ಯಾನ್ ಕಳಿಸಿ, ಹಿಡ್ಕೊಂಡು ಹೋಗಿ ದೂರ ಬಿಡಿ" ಅಂತ ಅರ್ಜಿಯಲ್ಲಿ ಬರೆಯಬೇಡಿ. "ಮಾಲೀಕರಿಗೆ ನೋಟಿಸ್ ಕೊಡಿ, ನಾಯಿ ಕಾಂಪೌಂಡ್ ಒಳಗೆ ಇರುವಂತೆ, ಲಸಿಕೆ ಹಾಕಿಸುವಂತೆ ಸೂಚಿಸಿ" ಅಂತ ಬರೆಯಿರಿ.

ನಾಯಿ ಮತ್ತೆ ಮತ್ತೆ ಜನರ ಮೇಲೆ ಬೀಳುತ್ತಿದ್ದರೆ ಇನ್ನೊಂದು ಬಾಗಿಲಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಪ್ರಕಾರ ಅಪಾಯಕಾರಿ ಪ್ರಾಣಿಯನ್ನು ಕೂಡಿಹಾಕಿ ಇಡುವಂತೆ ಉಪವಿಭಾಗಾಧಿಕಾರಿ ಆದೇಶ ಮಾಡಬಹುದು. ಅದೇ ಕಲಂನಲ್ಲಿ ಪ್ರಾಣಿಯನ್ನು ಕೊಲ್ಲಿಸುವ ಆದೇಶಕ್ಕೂ ಅವಕಾಶ ಇದೆ. ಅಲ್ಲಿಯವರೆಗೆ ಇದು ಹೋಗದಿರಲಿ ಅನ್ನುವುದು ನನ್ನ ಆಸೆ. ಮೂರು ವರ್ಷವೋ ನಾಲ್ಕು ವರ್ಷವೋ ಆದ ಲ್ಯಾಬ್ರಡಾರ್ ಸರಿಯಾಗಿ ನಡೆಸಿದರೆ ತಿದ್ದಿಕೊಳ್ಳುವ ನಾಯಿ.

ಅದಕ್ಕೇ, ಠಾಣೆಯ ಮೆಟ್ಟಿಲು ಹತ್ತಲು ನಿಮ್ಮ ಯಜಮಾನರು ಹಿಂಜರಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ನ್ಯಾಯಾಲಯದ ಆವರಣದಲ್ಲೇ ಅದರ ಕಚೇರಿ ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಅರ್ಜಿ ನಿಮ್ಮ ಹೆಸರಿನಲ್ಲಿ ಇರಲಿ. ಕೇಸು ಹಾಕುವ ಮೊದಲೇ ಎರಡೂ ಮನೆಯವರನ್ನು ಕರೆಸಿ, ಕೂರಿಸಿ ರಾಜಿ ಮಾಡಿಸುವ ವ್ಯವಸ್ಥೆ ಅಲ್ಲಿದೆ. ಫೋನಿನಲ್ಲಿ ಕೇಳುವುದಾದರೆ 15100. ಆಗುವ ರಾಜಿಯನ್ನು ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಳ್ಳಿ. ಗೇಟಿಗೆ ಸ್ಪ್ರಿಂಗ್ ಯಾವ ತಾರೀಖಿನೊಳಗೆ, ಲಸಿಕೆ ಯಾವ ತಾರೀಖಿನೊಳಗೆ, ನಾಯಿ ನಡೆಸುವವರು ಯಾರು, ಮಗಳ ಆಸ್ಪತ್ರೆ ಓಡಾಟದ ಖರ್ಚು ಯಾರು ಕೊಡುತ್ತಾರೆ, ಎಲ್ಲವೂ ಅದರಲ್ಲಿರಲಿ. ಕೆಳಗೆ ಮೇಷ್ಟ್ರ ಸಹಿಯ ಜೊತೆ ಬೆಂಗಳೂರಿನ ಮಗನ ಸಹಿಯನ್ನೂ ಕೇಳಿ.